ಕಠಿಣ ಇಂಗ್ಲಿಷಿಗೆ ಕನ್ನಡದ ಕೀಲಿಕೈ

ಹತ್ತನೆಯ ತರಗತಿಯ ಫಲಿತಾಂಶ ಬಂದ ಬೆನ್ನಿಗೇ ಕಾಸರಗೋಡಿನ ಅನೇಕ ಕನ್ನಡ ಮನೆಗಳಲ್ಲಿ ಒಂದು ಆತಂಕ ತಲೆದೋರುವುದುಂಟು. ಅಲ್ಲಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಒಳ್ಳೆಯ ಅಂಕಗಳನ್ನು ಗಳಿಸಿದ ಮಗನೋ ಮಗಳೋ ಹನ್ನೊಂದನೆಯ ತರಗತಿಯ ವಿಜ್ಞಾನ ವಿಭಾಗಕ್ಕೆ ಸೇರಿದೊಡನೆ ಇಂಗ್ಲಿಷ್ ಪಾಠಪುಸ್ತಕಗಳು ಎದುರಾಗುತ್ತವೆ. ತಿಳಿದಿದ್ದ ವಿಷಯವೇ ತಿಳಿಯದಂತಾಗುತ್ತದೆ. ಆಗ ಕೆಲವು ಹೆತ್ತವರು ಕನ್ನಡದಲ್ಲಿ ಓದಿಸಿದ್ದೇ ತಪ್ಪಾಯಿತೆಂದು ಹಲುಬುತ್ತಾರೆ. ಇನ್ನು ಕೆಲವರು ಪೇಟೆಯಿಂದ ದಪ್ಪನೆಯ ಶಬ್ದಪಟ್ಟಿಯೊಂದನ್ನು ತಂದುಕೊಟ್ಟು ದಿನಕ್ಕೆ ಹತ್ತರಂತೆ ಬಾಯಿಪಾಠ ಮಾಡಿಸುತ್ತಾರೆ. ಮೊದಲನೆಯ ಮಾತು ಸರಿಯಲ್ಲವೆಂದೂ ಎರಡನೆಯ ಉಪಾಯ ಸಾಲದೆಂದೂ ನಮ್ಮ ಅಭಿಪ್ರಾಯ.

ಮೊದಲು, ಕಲಿಯಬೇಕಾದ ಶಬ್ದಗಳಾವುವೆಂದು ನೋಡೋಣ. ನ್ಯೂಜಿಲೆಂಡಿನ ಭಾಷಾವಿದ್ವಾಂಸೆ ಎವೆರಿಲ್ ಕಾಕ್ಸ್‌ಹೆಡ್ ಅವರು ಹಲವು ಶಾಸ್ತ್ರಗಳ ಬರಹಗಳಿಂದ ಸುಮಾರು 35 ಲಕ್ಷ ಶಬ್ದಗಳನ್ನು ಪರಿಶೀಲಿಸಿ, 2000ದಲ್ಲಿ 570 ಶಬ್ದಕುಟುಂಬಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಶಾಸ್ತ್ರೀಯ ಬರಹದ ನೂರು ಶಬ್ದಗಳಲ್ಲಿ ಸುಮಾರು ಹತ್ತು ಈ ಕುಟುಂಬಗಳಿಗೇ ಸೇರಿದವು. ಅನಾಲಿಸಿಸ್, ಎವಿಡೆನ್ಸ್, ಹೈಪಾಥಿಸಿಸ್, ಡಿರೈವ್, ಸಿಗ್ನಿಫಿಕೆಂಟ್ ಮೊದಲಾದವು ಭೌತಶಾಸ್ತ್ರಕ್ಕೂ ಬೇಕು, ಇತಿಹಾಸಕ್ಕೂ ಬೇಕು. ಸಭೆಯಲ್ಲಿ ಬೆರಗು ಹುಟ್ಟಿಸುವ ಅಪರೂಪದ ಶಬ್ದಗಳಿಗಿಂತ ಮೊದಲು ಇವು ಕೈವಶವಾಗಬೇಕು.

ಇವುಗಳನ್ನು ಕಲಿಯಲು ನಮ್ಮ ಮಕ್ಕಳಲ್ಲಿ ಒಂದು ಬಂಡವಾಳ ಆಗಲೇ ಇದೆ. ಎಲೆಯು ಬೆಳಕಿನ ನೆರವಿನಿಂದ ಆಹಾರವನ್ನು ತಯಾರಿಸುವ ಕ್ರಿಯೆಯನ್ನು ಅವರು ದ್ಯುತಿಸಂಶ್ಲೇಷಣೆ ಎಂದು ಕಲಿತಿದ್ದಾರೆ. ಇಂಗ್ಲಿಷಿನ ಫೋಟೋಸಿಂಥೆಸಿಸ್ ಎಂಬುದನ್ನು ಬಿಡಿಸಿ ನೋಡಿರಿ. 'ಫೋಟೋ' ಎಂದರೆ ಬೆಳಕು, ಅದೇ ದ್ಯುತಿ. 'ಸಿನ್' ಎಂದರೆ ಕೂಡಿ, ಅದೇ ನಮ್ಮ 'ಸಂ' ಎಂಬ ಉಪಸರ್ಗ. 'ಥೆಸಿಸ್' ಎಂದರೆ ಇರಿಸುವಿಕೆ. ಕನ್ನಡದ ಪದವು ಇಂಗ್ಲಿಷ್ ಪದದ ಅಂಗಾಂಗಗಳನ್ನೂ ಅನುಸರಿಸಿದೆ. ಸಂಶ್ಲೇಷಣೆಗೆ ಎದುರಾದ ವಿಶ್ಲೇಷಣೆಯೇ ಅನಾಲಿಸಿಸ್: ಒಂದು ಕೂಡಿಸುವುದು, ಇನ್ನೊಂದು ಬಿಡಿಸುವುದು. ಸೂಕ್ಷ್ಮದರ್ಶಕವನ್ನು ಬಲ್ಲವನಿಗೆ ಮೈಕ್ರೋಸ್ಕೋಪ್, ದೂರದರ್ಶಕವನ್ನು ಬಲ್ಲವನಿಗೆ ಟೆಲಿಸ್ಕೋಪ್ ಅಪರಿಚಿತವಾಗಿ ಉಳಿಯಬೇಕಾಗಿಲ್ಲ.

ಆಮ್ಲಜನಕ ಎಂಬ ಪದದಲ್ಲಿ ವಿಜ್ಞಾನದ ಚರಿತ್ರೆಯೇ ಅಡಗಿದೆ. ಆಮ್ಲಗಳೆಲ್ಲ ಈ ಅನಿಲದಿಂದಲೇ ಹುಟ್ಟುತ್ತವೆಂದು ನಂಬಿದ ಫ್ರಾನ್ಸಿನ ಲವಾಸಿಯೆ 1777ರಲ್ಲಿ ಇದಕ್ಕೆ ಆಮ್ಲವನ್ನು ಹುಟ್ಟಿಸುವಂಥದು ಎಂಬರ್ಥದ ಗ್ರೀಕ್ ಮೂಲದ ಹೆಸರಿಟ್ಟನು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಈ ಅನಿಲವೇ ಇಲ್ಲವೆಂದು ಹಂಫ್ರಿ ಡೇವಿ 1810ರಲ್ಲಿ ತೋರಿಸಿಕೊಟ್ಟನು. ನಂಬಿಕೆ ಬಿದ್ದುಹೋಯಿತು, ಹೆಸರು ಉಳಿಯಿತು. ಆಕ್ಸಿಜನ್ ಎಂಬಲ್ಲಿ ಈ ಕಥೆ ಕಾಣಿಸದು; ಆಮ್ಲಜನಕ ಎಂದೊಡನೆ ಕಾಣಿಸುತ್ತದೆ.

ಶಬ್ದಗಳನ್ನು ಕುಟುಂಬವಾಗಿ ನೋಡುವ ಕ್ರಮವೂ ನಮಗೆ ಹೊಸತಲ್ಲ. ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಇವೆಲ್ಲ ಒಂದೇ ಧಾತುವಿನ ಮಕ್ಕಳೆಂದು ವ್ಯಾಕರಣದ ತರಗತಿಯಲ್ಲಿ ಕೇಳಿದ್ದೇವೆ. ಲ್ಯಾಟಿನ್ನಿನಲ್ಲಿ ನೋಡು ಎಂಬರ್ಥದ 'ಸ್ಪೆಕ್ಟ್' ಧಾತುವೂ ಹಾಗೆಯೇ. ಒಳಹೊಕ್ಕು ನೋಡಿದರೆ ಇನ್‌ಸ್ಪೆಕ್ಟ್, ಮುಂದಕ್ಕೆ ನೋಡಿದರೆ ಪ್ರಾಸ್ಪೆಕ್ಟ್, ಹಿಂದಕ್ಕೆ ನೋಡಿದರೆ ರೆಟ್ರೋಸ್ಪೆಕ್ಟ್, ಕೆಳಗಣ್ಣಿನಿಂದ ನೋಡಿದರೆ ಸಸ್ಪೆಕ್ಟ್. ಒಂದು ಧಾತುವನ್ನು ಹಿಡಿದವನಿಗೆ ಹತ್ತು ಶಬ್ದಗಳು ಒಲಿಯುತ್ತವೆ.

ಆದರೆ ಇಲ್ಲಿ ಎಚ್ಚರಿಕೆಯೂ ಬೇಕು. 'ಇನ್' ಎಂಬುದು ಎಲ್ಲೆಡೆಯೂ ನಿಷೇಧಾರ್ಥಕವೆಂದು ತಿಳಿದವನು ಇನ್‌ಫ್ಲೇಮಬಲ್ ಎಂದು ಬರೆದ ಡಬ್ಬಿಯ ಬಳಿ ಬೆಂಕಿಕಡ್ಡಿ ಗೀರಿಯಾನು! ಸುಲಭವಾಗಿ ಹೊತ್ತಿಕೊಳ್ಳುವಂಥದು ಎಂಬುದೇ ಅದರ ಅರ್ಥ. ಧಾತುವಿನಿಂದ ಊಹಿಸಿದ ಅರ್ಥವನ್ನು ನಿಘಂಟಿನಲ್ಲಿಯೂ ವಾಕ್ಯದಲ್ಲಿಯೂ ಒರೆಗೆ ಹಚ್ಚಲೇಬೇಕು.

ಶಬ್ದದ ಅರ್ಥ ಅದರ ಸಂಗಾತಿಗಳನ್ನು ಹೊಂದಿಕೊಂಡಿರುತ್ತದೆಂಬುದು ಗಡಿನಾಡಿನವರಾದ ನಮಗೆ ಅನುಭವಸಿದ್ಧ. ಅವಸರವೆಂದರೆ ಕನ್ನಡದಲ್ಲಿ ತ್ವರೆ, ಮಲಯಾಳದಲ್ಲಿ ಅವಕಾಶ, ತೆಲುಗಿನಲ್ಲಿ ಅಗತ್ಯ. ನಮಗೆ ಸಂಸಾರವೆಂದರೆ ಮನೆಮಂದಿ, ನೆರೆಯ ಮಲಯಾಳಿಗೆ ಮಾತುಕತೆ. ಇಂತಹ ಭೇದವನ್ನು ಬಾಲ್ಯದಿಂದಲೇ ಬಲ್ಲ ಮಗುವಿಗೆ ಇಂಗ್ಲಿಷಿನ ಕಂಡಕ್ಟ್ ಎಂಬುದು ಒಗಟಾಗಬಾರದು. ಶಾಲೆಯ ಪ್ರಮಾಣಪತ್ರದಲ್ಲಿ ಅದು ನಡತೆ. ಅದರಿಂದಲೇ ಹುಟ್ಟಿದ ಕಂಡಕ್ಟರ್ ಬಸ್ಸಿನಲ್ಲಿ ನಿರ್ವಾಹಕ, ತಾಮ್ರದ ತಂತಿಯ ಪಾಠದಲ್ಲಿ ವಾಹಕ. ಶಬ್ದಪಟ್ಟಿಯ ಬಾಯಿಪಾಠ ಸಾಲದೆಂದು ನಾವು ಹೇಳಿದ್ದು ಇದಕ್ಕಾಗಿಯೇ. ಅಲ್ಲಿ ಶಬ್ದವು ಒಂಟಿಯಾಗಿರುತ್ತದೆ.

ಇನ್ನು ಮನೆಯಲ್ಲಿ ಮಾಡಬಹುದಾದ ಅಭ್ಯಾಸ. ನೂರು ಪುಟದ ಒಂದು ನೋಟುಪುಸ್ತಕ ಸಾಕು. ಪಾಠದಲ್ಲಿ ಎದುರಾದ ಹೊಸ ಶಬ್ದಗಳಲ್ಲಿ ದಿನಕ್ಕೆ ನಾಲ್ಕನ್ನು ಮಾತ್ರ ಆರಿಸಿಕೊಳ್ಳಲಿ. ಪ್ರತಿಯೊಂದಕ್ಕೂ ಐದು ವಿಷಯಗಳನ್ನು ಬರೆಯಲಿ: ಶಬ್ದ ಸಿಕ್ಕಿದ ವಾಕ್ಯ, ಅದರ ಅಂಗಗಳು, ಹಳೆಯ ಪಾಠಪುಸ್ತಕದ ಕನ್ನಡ ಪದ, ಅದೇ ಕುಟುಂಬದ ಇತರ ರೂಪಗಳು ಮತ್ತು ತಾನೇ ರಚಿಸಿದ ಒಂದು ವಾಕ್ಯ. ಮರುದಿನ, ಮೂರು ದಿನಗಳ ಬಳಿಕ, ವಾರದ ಬಳಿಕ, ತಿಂಗಳ ಬಳಿಕ ಅರ್ಥವನ್ನು ಕೈಯಿಂದ ಮುಚ್ಚಿ ನೆನಪಿಸಿಕೊಳ್ಳಲಿ. ಮರೆವು ಕಲಿತ ಮೊದಲ ದಿನಗಳಲ್ಲೇ ವೇಗವಾಗಿ ಆಗುತ್ತದೆಂದು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿಯೇ ತನ್ನ ಮೇಲೆ ಪ್ರಯೋಗ ಮಾಡಿಕೊಂಡು ತೋರಿಸಿದ್ದನು. ದಿನಕ್ಕೆ ನಾಲ್ಕಾದರೂ ವರ್ಷಕ್ಕೆ ಸಾವಿರ ದಾಟುತ್ತದೆ.

ಇಂಗ್ಲಿಷ್ ಬಾರದ ತಾಯಂದಿರೂ ಇದರಲ್ಲಿ ನೆರವಾಗಬಹುದು. ಸಂಜೆ ಅಡುಗೆಮನೆಯ ಬಾಗಿಲಲ್ಲಿ ಮಗುವನ್ನು ಕುಳ್ಳಿರಿಸಿಕೊಂಡು, "ಇವತ್ತಿನ ನಾಲ್ಕು ಶಬ್ದಗಳನ್ನು ನನಗೆ ಕನ್ನಡದಲ್ಲಿ ತಿಳಿಸಿಕೊಡು" ಎಂದರೆ ಸಾಕು. ಅಮ್ಮನಿಗೆ ತಿಳಿಯುವಂತೆ ಹೇಳಬಲ್ಲ ಮಗುವಿಗೆ ಆ ಶಬ್ದ ನಿಜವಾಗಿ ತಿಳಿದಿದೆ ಎಂದರ್ಥ. ಹತ್ತನೆಯ ತರಗತಿ ಮುಗಿಯಿತೆಂದು ಕನ್ನಡದ ವಿಜ್ಞಾನ ಪುಸ್ತಕಗಳನ್ನು ಹಳೆಯ ಕಾಗದದ ವ್ಯಾಪಾರಿಗೆ ತೂಗಿಕೊಡಬೇಡಿರೆಂದು ನಾವು ವಾಚಕರಲ್ಲಿ ಕೇಳಿಕೊಳ್ಳುತ್ತೇವೆ. ಇನ್ನೆರಡು ವರ್ಷ ಅವು ಮೇಜಿನ ಮೇಲೆ, ಇಂಗ್ಲಿಷ್ ಪುಸ್ತಕದ ಪಕ್ಕದಲ್ಲಿಯೇ ಇರಲಿ.