ತಾರಸಿ ಕೆಲಸ: ಕೊನೇ ಕಂತು ಕೊಡುವ ಮುನ್ನ

ಶಿವರಾತ್ರಿ ಕಳೆಯಿತೆಂದರೆ ನಮ್ಮ ಚಾಮರಾಜನಗರದ ಆರ್.ಸಿ.ಸಿ. ಮನೆಗಳು ಕಾದ ಹೆಂಚಿನಂತಾಗುತ್ತವೆ. ಹಗಲೆಲ್ಲ ಬಿಸಿಲು ಕುಡಿದ ತಾರಸಿ ಆ ಕಾವನ್ನು ರಾತ್ರಿ ಹೊತ್ತು ಮನೆಯೊಳಕ್ಕೆ ಇಳಿಸುತ್ತದೆ. ಫ್ಯಾನ್ ಹಾಕಿದರೆ ಅದೇ ಬಿಸಿಗಾಳಿ ಮುಖಕ್ಕೆ. ಹಳೇ ಹೆಂಚಿನ ಮನೆಗಳಲ್ಲಿ ಈ ಪಾಡಿರಲಿಲ್ಲ. ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು, ಹುಣಸೆಹಣ್ಣು, ಒಣಮೆಣಸಿನಕಾಯಿ ಇಡುತ್ತಿದ್ದ ಅಟ್ಟವೇ ಕಾವನ್ನು ತಡೆಯುತ್ತಿತ್ತು.

ಈಗ ತಾರಸಿಗೆ ಇಟ್ಟಿಗೆ ಚೂರು ಹಾಸಿ ಗಾರೆ ಹಾಕಿಸುವವರು, ಬಿಳಿ ಬಣ್ಣ ಬಳಿಸುವವರು ಹೆಚ್ಚಾಗಿದ್ದಾರೆ. ಒಳ್ಳೆಯದೇ. ಆದರೆ ಮಾತುಕತೆ ಆಡಿ ಹಣ ಕೊಡುವುದು ಗಂಡಸರು. ಕೆಲಸ ನಡೆಯುವ ಹೊತ್ತಿನಲ್ಲಿ ಮನೆಯಲ್ಲಿರುವವರು ನಾವು. ಈ ಕೆಲಸದ ತಪ್ಪೆಲ್ಲ ಗಾರೆಯ ಅಡಿಗೆ ಮುಚ್ಚಿಹೋಗುವುದರಿಂದ, ಮುಚ್ಚುವ ಮುಂಚೆ ನೋಡಿದವರಿಗೇ ಗೊತ್ತಾಗಬೇಕು.

ಗುಂಡ್ಲುಪೇಟೆಯಲ್ಲಿರುವ ನನ್ನ ನಾದಿನಿ ಮನೆಯಲ್ಲಿ ಕೆಲಸದವರು ಒಣ ಇಟ್ಟಿಗೆಯನ್ನೇ ಹಾಸಿ, ಸಂಜೆಯೊಳಗೆ ಗಾರೆ ಬಳಿದು ಹೋದರು. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಕೊಳ್ಳುತ್ತೆ, ಗಾರೆ ಕಚ್ಚಿಕೊಳ್ಳೋದಿಲ್ಲ. ಮೊದಲ ಮಳೆಗೇ ಅವಳ ಅತ್ತೆ ಮಲಗುವ ಕೋಣೆ ತೊಟ್ಟಿಕ್ಕಿತು. ತೇವ ಹಿಡಿದ ಪದರ ಕಾವನ್ನೂ ಸರಿಯಾಗಿ ತಡೆಯುವುದಿಲ್ಲ. ಎಂಬತ್ತು ದಾಟಿದ ಮುದುಕಿ ಬೇಸಿಗೆಯಲ್ಲಿ ಬೆಂದು, ಮಳೆಗಾಲದಲ್ಲಿ ನೆನೆಯುವಂತಾಯಿತು. ಹಣ ಅಷ್ಟೂ ಕೊಟ್ಟಾಗಿತ್ತು. ಮೇಸ್ತ್ರಿ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಅದಕ್ಕೇ ಹೇಳೋದು, ಕಾಫಿ ಕೊಡೋ ನೆಪದಲ್ಲಾದರೂ ಮೇಲೆ ಹತ್ತಿ. ಇಟ್ಟಿಗೆ ಚೂರನ್ನು ನೀರಿಗೆ ಹಾಕಿದಾಗ ಗುಳ್ಳೆ ಏಳುತ್ತಿದ್ದರೆ ಅದು ಇನ್ನೂ ನೆನೆದಿಲ್ಲ ಎಂದರ್ಥ. ಗುಳ್ಳೆ ನಿಂತ ಮೇಲೇ ಹಾಸಬೇಕು. ನೀರು ಹೋಗುವ ಕೊಳವೆಯ ಕಡೆಗೆ 10 ಅಡಿಗೆ ಒಂದೂಕಾಲು ಇಂಚಾದರೂ ವಾಟ ಇರಲಿ. ತಾರಸಿಯೂ ಸುತ್ತುಗೋಡೆಯೂ ಸೇರುವ ಮೂಲೆಯನ್ನು ಚೂಪಾಗಿ ಬಿಡದೆ ಗಾರೆಯಿಂದ ದುಂಡಗೆ ತುಂಬಿಸಿ. ನೀರು ನುಗ್ಗುವುದು ಹೆಚ್ಚಾಗಿ ಅಲ್ಲೇ. ಗಾರೆಗೆ ಸಿಮೆಂಟೇ ಆಗಬೇಕೆಂದೇನಿಲ್ಲ. ಸುಣ್ಣ-ಸುರ್ಕಿ ಅಂದರೆ ಈಗಿನವರು ಮೂಗು ಮುರಿಯುತ್ತಾರೆ, ನಮ್ಮ ಕನ್ನಂಬಾಡಿ ಕಟ್ಟೆ ನಿಂತಿರುವುದು ಅದರಲ್ಲೇ!

ಏಳು ದಿನವಾದರೂ ಗಾರೆಗೆ ನೀರು ಹಾಕಿ. ಆಮೇಲೆ ಕೊಳವೆಗೆ ಹಳೇ ಬಟ್ಟೆ ತುರುಕಿ, ತಾರಸಿ ಮೇಲೆ ಎರಡು ಇಂಚು ನೀರು ನಿಲ್ಲಿಸಿ 48 ಗಂಟೆ ಬಿಡಿ. ಕೆಳಗೆ ಸೂರಿಗೆ ಟಾರ್ಚ್ ಹಿಡಿದು ಮೂಲೆ ಮೂಲೆ ನೋಡಿ. ನೀರಿಗೆ ಕಷ್ಟಪಡುವ ಊರು ನಮ್ಮದು, ನಿಜ. ಆ ನೀರನ್ನೇ ಆಮೇಲೆ ತೆಂಗಿನ ಗಿಡಕ್ಕೆ ಬಿಡಬಹುದು. ಒಣಗಿದ ಮೇಲೆ ಸಣ್ಣ ಸಲಾಕೆಯಿಂದ ಅಲ್ಲಲ್ಲಿ ತಟ್ಟಿ. ಟಣ್ ಅಂದರೆ ಸರಿ. ಮಾಗಿದ ಹಲಸಿನಹಣ್ಣು ತಟ್ಟಿದ ಹಾಗೆ ಡಬ್ ಡಬ್ ಅಂದರೆ ಅಡಿ ಟೊಳ್ಳು, ಕಿತ್ತು ಮತ್ತೆ ಹಾಕಿಸಿ.

ತಾರಸಿ ಹಳೆಯದಾಗಿ, ಒಳಗಿನ ಕಂಬಿ ತುಕ್ಕು ಹಿಡಿದು ಸೂರಿನ ಚಕ್ಕೆ ಉದುರುತ್ತಿದ್ದರೆ ಇಷ್ಟು ಭಾರ ಹೇರಲೇಬೇಡಿ. ಮೊದಲು ಇಂಜಿನಿಯರಿಗೆ ತೋರಿಸಿ. ಅಂಥ ಕಡೆ ಬಿಳಿ ಬಣ್ಣವೋ ಸುಣ್ಣವೋ ಮೇಲು. ಅದಕ್ಕೂ ಪಾಚಿ, ಧೂಳು ಉಜ್ಜಿ ತೊಳೆದು ಒಣಗಿಸಿದ ತಾರಸಿ ಬೇಕು, ಎರಡು ಸಲ ಬಳಿಯಬೇಕು. ಡಬ್ಬ ನಿಮ್ಮೆದುರಿಗೇ ಒಡೆಯಲಿ. ಮಧ್ಯಾಹ್ನ ಬಳಿದ ಕಡೆ ಒಂದು ಕ್ಷಣ, ಬಳಿಯದ ಕಡೆ ಒಂದು ಕ್ಷಣ ಅಂಗೈ ಮುಟ್ಟಿಸಿ ನೋಡಿ. ಧೂಳು ಕೂತರೆ ಗುಣ ಇಳಿಯುತ್ತದೆ, ವರ್ಷವೂ ಬೇಸಿಗೆಗೆ ಮುಂಚೆ ತೊಳೆಯಬೇಕು.

ಇನ್ನು, ಬೆಳಿಗ್ಗೆ ಎಂಟಕ್ಕೆ ಮೇಸ್ತ್ರಿ ಬಂದು "ನೋಡಿ ಅಕ್ಕಾ, ಮನೆ ಎಷ್ಟು ತಣ್ಣಗಿದೆ" ಅಂದರೆ ನಕ್ಕು ಸುಮ್ಮನಾಗಿ. ಆ ಹೊತ್ತಿಗೆ ಯಾರ ಮನೆ ತಣ್ಣಗಿರೋದಿಲ್ಲ? ಗೋಡೆಗೆ ತೂಗುಹಾಕುವ ಥರ್ಮಾಮೀಟರ್ ಒಂದನ್ನು ತಂದು (ಜ್ವರದ್ದಲ್ಲ!) ಕೆಲಸಕ್ಕೆ ಮುಂಚೆ ನಾಲ್ಕು ದಿನ, ಆದ ಮೇಲೆ ಅಷ್ಟೇ ಬಿಸಿಲಿನ ನಾಲ್ಕು ದಿನ, ರಾತ್ರಿ ಒಂಬತ್ತಕ್ಕೆ ಎಷ್ಟಿದೆ ಎಂದು ಕ್ಯಾಲೆಂಡರಿನಲ್ಲೇ ಬರೆದಿಡಿ. ಅಲ್ಲಿಯವರೆಗೆ ಕೊನೇ ಕಂತು ಬೀರುವಿನಲ್ಲೇ ಇರಲಿ. ಹೀಗೆ ಹಿಡಿದಿಡುವುದನ್ನು ಮೇಸ್ತ್ರಿಗೆ ಮೊದಲೇ ಹೇಳಿ ಒಪ್ಪಿಸಿರಬೇಕು. ಕಲ್ಲು ಮಣ್ಣು ಹೊತ್ತವರ ದಿನಗೂಲಿ ಮಾತ್ರ ಅಂದಂದೇ ಕೊಡಿಸಿ, ಅವರು ಸಂಜೆಗೆ ಅದರಲ್ಲೇ ಅಕ್ಕಿ ಒಯ್ಯಬೇಕು.