ಆರೈಕೆ ಮಾಡುವವರಿಗೂ ಬೇಕು ಅರ್ಧ ಗಂಟೆ

ಮಣಿಕಟ್ಟಿಗೆ ಕಟ್ಟಿಕೊಂಡರೆ ದಿನದ ಹೆಜ್ಜೆಗಳನ್ನು ಎಣಿಸುವ ಸ್ಮಾರ್ಟ್ ವಾಚ್, ಫಿಟ್‌ನೆಸ್ ಬ್ಯಾಂಡ್‌ಗಳು ಇಂದು ನಗರಗಳಿಗಷ್ಟೇ ಸೀಮಿತವಾಗಿಲ್ಲ. ತುಮಕೂರಿನ ಸಮೀಪದ ನಮ್ಮ ಗೂಳೂರಿನಂತಹ ಊರುಗಳಲ್ಲಿಯೂ, ಬೆಂಗಳೂರಿನಲ್ಲಿ ದುಡಿಯುವ ಮಕ್ಕಳು ತಾಯಂದಿರಿಗೆ ಇವನ್ನು ತಂದುಕೊಡುತ್ತಿದ್ದಾರೆ. ಈ ಕಾಳಜಿ ಮೆಚ್ಚತಕ್ಕದ್ದೇ. ಆದರೆ ಪಾರ್ಶ್ವವಾಯುವಿಗೆ ತುತ್ತಾದ ಪತಿಯನ್ನೋ, ಮರೆವಿನ ಕಾಯಿಲೆಯ ಅತ್ತೆಯನ್ನೋ ಹಗಲಿರುಳು ನೋಡಿಕೊಳ್ಳುವ ತಾಯಿಗೆ ಇದೊಂದೇ ಸಾಕೆ ಎಂಬುದು ನಮ್ಮ ಪ್ರಶ್ನೆ.

ಈ ಸಾಧನವು ಮುಖ್ಯವಾಗಿ ಕೈಯ ಚಲನೆಯಿಂದ ಹೆಜ್ಜೆಯನ್ನು ಅಂದಾಜಿಸುತ್ತದೆ. ಗಾಲಿಕುರ್ಚಿಯನ್ನು ತಳ್ಳುವಾಗ, ರೋಗಿಯ ತೋಳು ಹಿಡಿದು ನಡೆಸುವಾಗ ಕೈ ಬೀಸುವುದಿಲ್ಲವಾದ್ದರಿಂದ ಎಷ್ಟೋ ಹೆಜ್ಜೆಗಳು ಲೆಕ್ಕಕ್ಕೆ ಸಿಗುವುದಿಲ್ಲ. ರೋಗಿಯನ್ನು ಎತ್ತಿ ಕೂರಿಸಿದ ಶ್ರಮವಂತೂ ಹೆಜ್ಜೆಯೇ ಅಲ್ಲ. ದಣಿದ ಜೀವಕ್ಕೆ ರಾತ್ರಿ ಕಾಣುವುದು ಗುರಿ ತಲುಪಿಲ್ಲವೆಂಬ ಸೂಚನೆ ಮಾತ್ರ. ಹತ್ತು ಸಾವಿರ ಹೆಜ್ಜೆಯೆಂಬ ಆ ಗುರಿಯಾದರೂ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆಮಾಪಕವೊಂದರ ಹೆಸರಿನಿಂದ ಪ್ರಚಾರ ಪಡೆದದ್ದು. 15 ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, 60 ದಾಟಿದವರಿಗೆ 6,000ದಿಂದ 8,000 ಹೆಜ್ಜೆಗಳಲ್ಲಿಯೇ ಹೆಚ್ಚಿನ ಪ್ರಯೋಜನ ದೊರೆಯುತ್ತದೆ.

ಹಾಗೆಂದು ಆರೈಕೆಯ ದುಡಿಮೆಯೇ ವ್ಯಾಯಾಮವೆಂದು ಭಾವಿಸಲಾಗದು. ಬಾಗಿ ಎತ್ತುವುದರಿಂದ ಸೊಂಟ ಸವೆಯುತ್ತದೆ, ನಿದ್ರೆ ತುಂಡಾಗುತ್ತದೆ. ಸಂಗಾತಿಯ ಆರೈಕೆಯ ಒತ್ತಡದಲ್ಲಿ ಬಳಲುತ್ತಿದ್ದ ವೃದ್ಧರಲ್ಲಿ, ಅಂತಹ ಹೊಣೆಯಿಲ್ಲದವರಿಗಿಂತ ನಾಲ್ಕು ವರ್ಷಗಳೊಳಗಿನ ಸಾವಿನ ಅಪಾಯ ಶೇ. 63ರಷ್ಟು ಹೆಚ್ಚೆಂದು 1999ರ ಅಮೆರಿಕದ ಅಧ್ಯಯನವೊಂದು ತಿಳಿಸಿತು. ನಮ್ಮ ದೇಶದ 2024ರ ಸಮಯ ಬಳಕೆ ಸಮೀಕ್ಷೆಯಂತೆ, ಮನೆಮಂದಿಯ ಆರೈಕೆಯಲ್ಲಿ ತೊಡಗಿದ 15ರಿಂದ 59 ವರ್ಷದ ಮಹಿಳೆಯರು ದಿನಕ್ಕೆ 140 ನಿಮಿಷ, ಪುರುಷರು 74 ನಿಮಿಷ ಅದಕ್ಕೆ ವ್ಯಯಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ವ್ಯಾಯಾಮವನ್ನು ಸೂಚಿಸಿದೆ. ಅಂದರೆ ವಾರದಲ್ಲಿ ಐದು ದಿನ ಅರ್ಧ ಗಂಟೆಯ ಬಿರುಸಿನ ನಡಿಗೆ. ಅಷ್ಟು ಸಾಧ್ಯವಾಗದಿದ್ದರೆ ಹತ್ತು ನಿಮಿಷವೂ ವ್ಯರ್ಥವಲ್ಲ.

ಕೊರತೆಯಿರುವುದು ಎಣಿಕೆಯದಲ್ಲ, ಬಿಡುವಿನದು. ತಾಯಿ ಕೆರೆಯ ಏರಿಯ ಮೇಲೆ ಅರ್ಧ ಗಂಟೆ ನಡೆದು ಬರುವವರೆಗೆ ರೋಗಿಯ ಬಳಿ ಕೂರುವವರು ಯಾರು? ಮಗ, ಸೊಸೆ, ಮೈದುನ, ನೆರೆಯವರು ಸರದಿ ಹಂಚಿಕೊಳ್ಳಬೇಕು. ದೂರದಲ್ಲಿರುವ ಮಕ್ಕಳು ಭಾನುವಾರ ಬಂದಾಗ ಆ ಹೊಣೆಯನ್ನು ತಾವೇ ಹೊರಬೇಕು. ಬಲಿಪಾಡ್ಯಮಿಯಿಂದ ಕಾರ್ತಿಕ ಮಾಸವಿಡೀ ಗೂಳೂರು ಮಹಾಗಣಪತಿಯ ದರ್ಶನಕ್ಕೆ ಜನ ಸೇರುವಾಗ, ಮನೆಯಲ್ಲಿಯೇ ಉಳಿಯುವವರು ಪ್ರತಿವರ್ಷ ಅದೇ ಹೆಣ್ಣುಮಗಳಾಗದಿರಲಿ.

ಬ್ಯಾಂಡ್ ಇದ್ದವರು ಅದನ್ನು ಸೇವಕನಂತೆ ಬಳಸಲಿ. ಹಿಂದಿನ ವಾರದ ತಮ್ಮದೇ ಎಣಿಕೆಗೆ ನಿತ್ಯ ಐನೂರು ಹೆಜ್ಜೆ ಸೇರಿಸಿದರೂ ಅದು ಮುನ್ನಡೆಯೇ. ಎದೆನೋವು, ಏದುಸಿರು ಕಂಡರೆ ವೈದ್ಯರನ್ನು ಕಾಣಬೇಕು. ಮನಸ್ಸು ಕುಗ್ಗಿದಾಗ 14416 ಸಂಖ್ಯೆಯ ಟೆಲಿ ಮಾನಸ್ ಉಚಿತ ಸಹಾಯವಾಣಿಗೆ ಕರೆ ಮಾಡಬಹುದು.

ದಾಸೋಹವೆಂದರೆ ಅನ್ನವಷ್ಟೇ ಅಲ್ಲ, ನಮ್ಮ ಸಮಯವೂ ಹೌದು. ಆರೈಕೆಯ ಕಾಯಕದಲ್ಲಿ ತೊಡಗಿದವರಿಗೆ ದಿನಕ್ಕೆ ಅರ್ಧ ಗಂಟೆಯನ್ನು ಬಿಡಿಸಿಕೊಡುವುದು ಸದ್ಭಕ್ತರೆಲ್ಲರ ಮನೆಗಳಲ್ಲಿ ಇಂದಿನಿಂದಲೇ ಆರಂಭವಾಗಲಿ.