ಮನೆಬಾಗಿಲಿಗೆ ಬರುವ ಭಾರ

ರಜೆಗೆ ಊರಿಗೆ ಹೊರಡುವ ಹಿಂದಿನ ರಾತ್ರಿ ಮಸ್ಕತ್ತಿನ ಕನ್ನಡಿಗರ ಮನೆಗಳಲ್ಲಿ ತಪ್ಪದೆ ಕಾಣುವ ದೃಶ್ಯವೊಂದಿದೆ. ನಡುಮನೆಯಲ್ಲಿ ಸೂಟ್‌ಕೇಸುಗಳು ಬಾಯ್ತೆರೆದು ಕುಳಿತಿರುತ್ತವೆ. ತೂಕದ ಯಂತ್ರ ಹೊರಬರುತ್ತದೆ. ಖರ್ಜೂರದ ಪೊಟ್ಟಣವೊಂದು ಆ ಪೆಟ್ಟಿಗೆಯಿಂದ ಈ ಪೆಟ್ಟಿಗೆಗೆ, ಅಲ್ಲಿಂದ ಕೈಚೀಲಕ್ಕೆ ವರ್ಗವಾಗುತ್ತದೆ. ಹೆಚ್ಚುವರಿ ಹಣ ತೆರಲು ಸಿದ್ಧರಿದ್ದರೂ 32 ಕಿಲೋ ಮೀರಿದ ಒಂದೇ ಪೆಟ್ಟಿಗೆಯನ್ನು ವಿಮಾನಯಾನ ಸಂಸ್ಥೆಗಳು ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ಇದು ವಿಮಾನದ ಕ್ಷೇಮಕ್ಕಾಗಿ ಮಾಡಿದ ನಿಯಮವೆಂದು ನಾನು ಬಹುಕಾಲ ನಂಬಿದ್ದೆ. ಹತ್ತಾರು ಟನ್ ತೂಗುವ ವಿಮಾನಕ್ಕೆ ಎರಡು ಕಿಲೋ ಖರ್ಜೂರ ಯಾವ ಲೆಕ್ಕ? ಆ ಮಿತಿ ಇರುವುದು ಪೆಟ್ಟಿಗೆಯನ್ನು ಎತ್ತಿ ಇಳಿಸುವ ಕಾರ್ಮಿಕನ ಬೆನ್ನಿಗಾಗಿ.

ಇಷ್ಟು ಎಚ್ಚರದಿಂದ ತೂಗುವ ನಾವು, ಅಂತರ್ಜಾಲದಲ್ಲಿ ವಸ್ತು ಕೊಳ್ಳುವಾಗ ಮಾತ್ರ ತೂಕವನ್ನು ಮರೆಯುತ್ತೇವೆ. ನಾನೂ ಮರೆತವನೇ. ಎರಡು ವರ್ಷಗಳ ಹಿಂದೆ, ರಕ್ತದ ಸಕ್ಕರೆ ಗಡಿ ಮುಟ್ಟಿತೆಂದು ಟ್ರೆಡ್‌ಮಿಲ್ ಒಂದನ್ನು ತರಿಸಿದೆ. ಜುಲೈ ತಿಂಗಳ ಮಧ್ಯಾಹ್ನ. ನಮ್ಮ ಹಳೆಯ ಕಟ್ಟಡದ ಲಿಫ್ಟಿನಲ್ಲಿ ಆ ಪೆಟ್ಟಿಗೆ ಹಿಡಿಸಲಿಲ್ಲ. ಬಂದವನು ಒಬ್ಬನೇ, ವ್ಯಾನಿನ ಚಾಲಕನೂ ಅವನೇ, ಹೊರುವವನೂ ಅವನೇ. ಒಂದೊಂದೇ ಮೆಟ್ಟಿಲು ನೂಕುತ್ತ, ಎತ್ತುತ್ತ, ಮೂರನೇ ಮಹಡಿಗೆ ತಂದಿಳಿಸಿದ. ಪೆಟ್ಟಿಗೆಯ ಮೇಲೆ 64 ಕಿಲೋ ಎಂದು ಅಚ್ಚಾಗಿತ್ತು. ಒಂದು ಲೋಟ ತಣ್ಣೀರು ಕೊಟ್ಟು, ಕೈಗೆ ಒಂದು ರಿಯಾಲ್ ಇಟ್ಟು, ನನ್ನ ಕರ್ತವ್ಯ ಮುಗಿಯಿತೆಂದುಕೊಂಡೆ.

ಅದು ಮುಗಿದಿರಲಿಲ್ಲವೆಂದು ತಿಳಿದದ್ದು ಕೆಲವು ತಿಂಗಳ ನಂತರ, ನನ್ನ ಚಿಕಿತ್ಸಾಲಯದಲ್ಲಿ. ಪುತ್ತೂರಿನ ಕಡೆಯ ಮೂವತ್ತರ ಯುವಕನೊಬ್ಬ ಒಂದು ಬದಿಗೆ ವಾಲಿಕೊಂಡೇ ಒಳಬಂದ. ಅವನೂ ಸರಕು ತಲುಪಿಸುವ ವ್ಯಾನಿನ ಚಾಲಕ. "ಡಾಕ್ಟ್ರೇ, ಮದ್ದಿಗೆ ಬಂದದ್ದಲ್ಲ. ಕೆಲಸಕ್ಕೆ ಅಡ್ಡಿಯಿಲ್ಲ ಅಂತ ಒಂದು ಚೀಟಿ ಬರೆದುಕೊಟ್ಟರೆ ಸಾಕು" ಎಂದ. ಮಲಗಿಸಿ ಎಡಗಾಲನ್ನು ನೇರವಾಗಿ ಮೇಲೆತ್ತಿದರೆ ಸೊಂಟದಿಂದ ಪಾದದವರೆಗೆ ನೋವು ಮಿಂಚುತ್ತಿತ್ತು. ಕಾಲಿನ ಹೆಬ್ಬೆರಳನ್ನು ಮೇಲಕ್ಕೆ ಬಾಗಿಸುವ ಬಲ ಕುಂದಿತ್ತು. ಡಿಸ್ಕ್ ಜರುಗಿ ನರವನ್ನು ಒತ್ತುತ್ತಿರುವ ಲಕ್ಷಣಗಳವು. ಇನ್ನು ಭಾರ ಎತ್ತಕೂಡದೆಂದೆ. "ಎತ್ತದಿದ್ದರೆ ನನಗೆ ಇಲ್ಲಿ ಬೇರೆ ಏನು ಕೆಲಸ ಉಂಟು ಡಾಕ್ಟ್ರೇ? ಊರಲ್ಲಿ ಮನೆಯ ಸಾಲ ಉಂಟು" ಎಂದ. ಅವನು ಕೇಳಿದ್ದನ್ನು ಬರೆಯಲು ನನ್ನಿಂದಾಗಲಿಲ್ಲ. ಭಾರದ ಕೆಲಸ ಬೇಡವೆಂದು ಬರೆದುಕೊಟ್ಟೆ. ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದವನು ಮತ್ತೆ ಬರಲಿಲ್ಲ. ಆ ಕಾಗದ ಅವನ ಬೆನ್ನನ್ನು ಉಳಿಸಿತೋ, ಕೆಲಸವನ್ನು ಕಳೆಯಿತೋ, ನಾನರಿಯೆ.

ಬೆನ್ನಿಗೆ ತೂಕವಷ್ಟೇ ಶತ್ರುವಲ್ಲ, ಗಾತ್ರವೂ ಶತ್ರು. 1999ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ ಸ್ವಯಂಸೇವಕನೊಬ್ಬನ ಸೊಂಟದ ಡಿಸ್ಕಿನ ಒಳಗೇ ಒತ್ತಡಮಾಪಕವನ್ನು ಇರಿಸಲಾಗಿತ್ತು. ಸುಮ್ಮನೆ ನಿಂತಾಗ ಅಲ್ಲಿದ್ದ ಒತ್ತಡ 0.5 ಮೆಗಾಪ್ಯಾಸ್ಕಲ್. 20 ಕಿಲೋ ಭಾರವನ್ನು ಮೈಗೆ ಅವಚಿ ಹಿಡಿದಾಗ 1.1, ಅದೇ ಭಾರವನ್ನು ಮೈಯಿಂದ 60 ಸೆಂಟಿಮೀಟರ್ ದೂರ ಹಿಡಿದಾಗ 1.8, ಬೆನ್ನು ಬಾಗಿಸಿ ನೆಲದಿಂದ ಎತ್ತುವಾಗ 2.3. ದೊಡ್ಡ ಪೆಟ್ಟಿಗೆಯನ್ನು ಯಾರೂ ಮೈಗೆ ಅವಚಿಕೊಳ್ಳಲಾರರು. ಹಗುರವೆಂದು ತೋರುವ ಅಗಲದ ಪೆಟ್ಟಿಗೆಯೂ ಬೆನ್ನೆಲುಬಿನ ಪಾಲಿಗೆ ಭಾರವೇ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರ ತನ್ನ ಶಿಫಾರಸಿನಲ್ಲಿ, ಒಬ್ಬ ವಯಸ್ಕ ಪುರುಷನು ಹೊರುವ ಭಾರ 55 ಕಿಲೋ ಮೀರಬಾರದೆಂದಿತು. ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆ ಈಗ ಬಳಸುವ ಲೆಕ್ಕ ಇನ್ನೂ ಬಿಗಿ: ಎಲ್ಲವೂ ಅನುಕೂಲವಾಗಿದ್ದರೂ 23 ಕಿಲೋ. ಭಾರ ಮೈಯಿಂದ ದೂರವಾದಂತೆ, ಸೊಂಟ ತಿರುಚಿದಂತೆ, ಎತ್ತುವ ಸರದಿ ಹೆಚ್ಚಿದಂತೆ ಅದೂ ಇಳಿಯುತ್ತದೆ. ನನ್ನ ಟ್ರೆಡ್‌ಮಿಲ್ ಹಳೆಯ ಉದಾರ ಮಿತಿಯನ್ನೂ ದಾಟಿತ್ತು.

ಈ ವಿವೇಕ ನಮ್ಮ ಹಿರಿಯರಿಗೆ ಹೊಸದಲ್ಲ. ಹಳೆಯ ದಾರಿಗಳ ಬದಿಯಲ್ಲಿ ಆಳೆತ್ತರದ ಹೊರೆಗಲ್ಲುಗಳನ್ನು ನಿಲ್ಲಿಸುತ್ತಿದ್ದರು. ತಲೆಹೊರೆಯವನು ಬಾಗದೆ, ಇನ್ನೊಬ್ಬರನ್ನು ಕರೆಯದೆ ಭಾರವನ್ನು ಅಲ್ಲಿಳಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೇರಿಸಬಹುದಿತ್ತು. ನಾವು ಮಂಡಿಗಳಲ್ಲಿ ಆಡುವ 'ಹಮಾಲಿ' ಎಂಬ ಪದವೂ ಅರಬ್ಬಿಯ 'ಹಮ್ಮಾಲ್' ಎಂಬುದರಿಂದ ಬಂದದ್ದು. ಪದ ಈ ಕಡಲನ್ನು ದಾಟಿ ನಮ್ಮಲ್ಲಿಗೆ ಬಂತು. ಈಗ ನಮ್ಮ ಹುಡುಗರು ಅದೇ ಕಡಲನ್ನು ದಾಟಿ ಬಂದು ಇಲ್ಲಿ ಹೊರೆ ಹೊರುತ್ತಿದ್ದಾರೆ.

ಒಮಾನ್ ಈ ವಿಷಯದಲ್ಲಿ ಕುರುಡಾಗಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12:30ರಿಂದ 3:30ರ ತನಕ ಬಿಸಿಲಿನ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮ ಇಲ್ಲಿದೆ. ಕಟ್ಟಡದ ಕಾಮಗಾರಿ ಎಲ್ಲರ ಕಣ್ಣಿಗೆ ಬೀಳುತ್ತದೆ; ಗಾಳಿಯಾಡದ ಮೆಟ್ಟಿಲಸಾಲಿನಲ್ಲಿ ಒಬ್ಬಂಟಿಯಾಗಿ ಏರುವವನು ಯಾರ ಕಣ್ಣಿಗೂ ಬೀಳುವುದಿಲ್ಲ. ಹೆಗಲಿಗೊಂದು, ಕೈಗೊಂದು ಎಂದು ಸುಮಾರು 19 ಲೀಟರಿನ ನೀರಿನ ಬಾಟಲಿಗಳನ್ನು ಹೊತ್ತು ಬರುವವನನ್ನು ನಾವು ದಿನವೂ ನೋಡುತ್ತೇವೆ. ಅವನು ಹೊತ್ತಿರುವುದು 38 ಕಿಲೋ ಎಂದು ನಮ್ಮಲ್ಲಿ ಎಷ್ಟು ಮಂದಿ ಲೆಕ್ಕ ಹಾಕಿದ್ದೇವೆ?

ಪರಿಹಾರವನ್ನು ಹೊಸದಾಗಿ ಹುಡುಕಬೇಕಿಲ್ಲ. ವಿಮಾನ ನಿಲ್ದಾಣದಲ್ಲಿ ಇರುವುದನ್ನು ಮನೆಬಾಗಿಲಿಗೆ ತಂದರೆ ಸಾಕು. 23 ಕಿಲೋ ಮೀರಿದ ಪೆಟ್ಟಿಗೆಗೆ ಎದ್ದು ಕಾಣುವ 'ಭಾರ'ದ ಚೀಟಿ ಅಂಟಿಸಲಿ. 32 ಕಿಲೋ ಮೀರಿದ್ದನ್ನು ಒಬ್ಬನ ಕೈಗೆ ಕೊಡುವುದು ಬೇಡ. ಒಡೆಯಲಾಗುವುದನ್ನು ಎರಡು ಪೆಟ್ಟಿಗೆ ಮಾಡಲಿ, ಆಗದ್ದಕ್ಕೆ ಸಹಾಯಕನನ್ನೂ ಕೈಗಾಡಿಯನ್ನೂ ಜೊತೆಗೆ ಕಳಿಸಲಿ. ಇದರಿಂದ ಸಾಗಣೆ ದುಬಾರಿಯಾಗುತ್ತದೆಂಬ ಆಕ್ಷೇಪ ನಿಜ. ಆದರೆ ಆ ವೆಚ್ಚ ಈಗಲೂ ಇದೆ. ಅದನ್ನು ಹೊರುವವನು ತನ್ನ ಬೆನ್ನಿನಿಂದ, ಮುಂದೆ ದುಡಿಯಬೇಕಾದ ವರ್ಷಗಳಿಂದ ತೆರುತ್ತಿದ್ದಾನೆ. ಅದು ನಮ್ಮ ಬಿಲ್ಲಿನಲ್ಲಿ ಕಾಣುವುದಿಲ್ಲ, ಅಷ್ಟೇ.

ನಿಯಮ ಬರುವತನಕ ನಾವು ಕೊಳ್ಳುವವರು ಮಾಡಬಹುದಾದದ್ದೂ ಇದೆ. ಆರ್ಡರ್ ಮಾಡುವ ಮುನ್ನ ತೂಕ ನೋಡುವುದು. ಎಷ್ಟನೇ ಮಹಡಿ, ಲಿಫ್ಟ್ ಇದೆಯೇ ಎಂದು ತಿಳಿಸುವುದು. ತಡವಾಯಿತೆಂದು ಕಡಿಮೆ ನಕ್ಷತ್ರ ಒತ್ತುವ ಮುನ್ನ ಪೆಟ್ಟಿಗೆಯ ಇನ್ನೊಂದು ತುದಿಗೆ ಕೈಕೊಡುವುದು.

ಆ ಟ್ರೆಡ್‌ಮಿಲ್ ಮೇಲೆ ನಾನು ಈಗಲೂ ಪ್ರತಿ ಬೆಳಗ್ಗೆ ನಡೆಯುತ್ತೇನೆ. ನನ್ನ ಸಕ್ಕರೆ ಹತೋಟಿಯಲ್ಲಿದೆ. ಅದನ್ನು ಹೊತ್ತು ತಂದವನ ಹೆಸರನ್ನು ನಾನು ಅಂದು ಕೇಳಲಿಲ್ಲ. ಅವನಿಗೆ ಆ ಮಧ್ಯಾಹ್ನ ನನ್ನ ರಿಯಾಲಿಗಿಂತ ಹೆಚ್ಚಾಗಿ ಬೇಕಿದ್ದುದು ಇನ್ನೆರಡು ಕೈಗಳು; ಅವು ಅಲ್ಲಿಯೇ, ಬಾಗಿಲ ಬಳಿ, ಕಟ್ಟಿಕೊಂಡು ನಿಂತಿದ್ದವು.